ಹದಿನಾಲ್ಕು ಮೈಲಿಗೆ ಐದು ಮಕ್ಕಳು

ಲೋವೆಲ್ ಕಾರಿನ ಸೀಟು ಹಿಂದಕ್ಕೆ ಬಾಗಿಸಿ ಮಲಗಿದ್ದಾನೆ,
ತೊಡೆಯ ಮೇಲೆ ಅವನದೇ ಕೈಬರಹದ ಹಳದಿ ಹಾಳೆ:
ವೆಸ್ಕಾಟ್ ಕೌಂಟಿ. ಜನ ನಾಲ್ಕು ಸಾವಿರದ ಚಿಲ್ಲರೆ.
ಎರಡು ಕೋಣೆಯ ಮನೆ, ನಲವತ್ತೊಂದು ಸಾವಿರ ಡಾಲರ್.
ತೆರಿಗೆ ಕಡಿಮೆ. ಕಳ್ಳತನ ಕಡಿಮೆ.
ಆ ಕಡಿಮೆಗಳ ಕೆಳಗೆ ಎರಡೆರಡು ಗೆರೆ.

ಇಷ್ಟು ಅಗ್ಗವೇಕೆ ಅಂತ ಅವನ ಹಾಳೆ ಕೇಳುವುದಿಲ್ಲ.
ಒಂದಗುಳು ಹಿಸುಕಿ ನೋಡಿದರೆ ಸಾಕು ಅನ್ನುತ್ತಾರೆ,
ಯಾವ ಅಗುಳು ಅಂತ ಮಾತ್ರ ಯಾರೂ ಹೇಳುವುದಿಲ್ಲ.

ಮೂವತ್ತೊಂದು ವರ್ಷ ಡೆನ್ವರಿನಲ್ಲಿ
ಶಾಲೆಯ ಬಸ್ಸು ಓಡಿಸಿದವಳು ನಾನು.
ಊರು ಓದಲು ನನಗೆ ಬರುವುದು ಸ್ಟಾಪುಗಳಿಂದಲೇ.
ಬೆಳಗ್ಗೆ ಆರೂವರೆಗೆ ಇಲ್ಲಿಯ ಬಸ್ಸಿನ ಹಿಂದೆ ಹೊರಟೆ,
ಲೈಟು ಮಂದ ಮಾಡಿಕೊಂಡು, ಕಳ್ಳಿಯಂತೆ.
ಹದಿನಾಲ್ಕು ಮೈಲಿಗೆ ಐದು ಮಕ್ಕಳು.
ಕೊನೆಯ ಗೇಟಿನ ಎದುರು ಬಸ್ಸು ನಿಂತಿತು,
ಬಾಗಿಲು ತೆರೆಯಿತು,
ಯಾರೂ ಹತ್ತಲಿಲ್ಲ.
ಆ ಮನೆಯ ಕಿಟಕಿಗಳಿಗೆ ಹಲಗೆ ಹೊಡೆದಿತ್ತು.
ಬಾಗಿಲು ಮುಚ್ಚಿತು. ಬಸ್ಸು ಹೊರಟಿತು.
ಅವರು ಹೋದದ್ದು ಡ್ರೈವರನ ತಲೆಗೆ ಗೊತ್ತು,
ಕೈಗೆ ಇನ್ನೂ ಯಾರೂ ಹೇಳಿಲ್ಲ.

ಹತ್ತಕ್ಕೆ ಮನೆ ತೋರಿಸಲು ಬಂದವಳು ಜೆನೀವ್ ಹೋಲ್ಟ್‌ಗ್ರೇವ್,
ತುಟಿಗೆ ಬಣ್ಣ, ಕಾಲಿಗೆ ಕೆಸರಿನ ಬೂಟು.
'ಎಷ್ಟು ನಿಶ್ಶಬ್ದ, ಕೇಳಿ' ಅಂದಳು. ಕೇಳಿದೆ.
ನೆಲಮಾಳಿಗೆಯ ಗೋಡೆಗೆ ಮೊಣಕಾಲೆತ್ತರಕ್ಕೆ ನೀರಿನ ಗೆರೆ,
ಅದರ ಮೇಲೆ ಹೊಸ ಸುಣ್ಣ.
ಬಿಟ್ಟುಹೋದ ಫ್ರಿಜ್ಜಿನ ಮೇಲೆ ಆಸ್ಪತ್ರೆಯ ಮ್ಯಾಗ್ನೆಟ್ಟು.
ಅವಳು ಹಿತ್ತಲ ಬಾಗಿಲಿನ ಜೊತೆ ಗುದ್ದಾಡುತ್ತಿದ್ದಾಗ
ಆ ನಂಬರಿಗೆ ಫೋನು ಮಾಡಿದೆ.
ಈ ಸಂಖ್ಯೆ ಬಳಕೆಯಲ್ಲಿಲ್ಲ.

'ಡಯಾಲಿಸಿಸ್ ಎಲ್ಲಿ?'
'ಅರವತ್ತೆಂಟು ಮೈಲಿ. ರಸ್ತೆ ಚೆನ್ನಾಗಿದೆ.'
'ವಾರಕ್ಕೆ ಮೂರು ಸಲ. ಹಿಮ ಬಿದ್ದರೆ?'
ಅವಳು ಕಿಟಕಿಯ ಆಚೆ ನೋಡಿದಳು.
'ಹಿಮ ಬೀಳುತ್ತದೆ' ಅಂದಳು.
ಅಷ್ಟಕ್ಕೇ ಅವಳ ಮೇಲೆ ನಂಬಿಕೆ ಹುಟ್ಟಿತು.

ಹಾರ್ಡ್‌ವೇರ್ ಅಂಗಡಿಯ ಓರ್ವಿಲ್ ಟ್ವೆಟ್
ಬೀಗದ ಕೈ ಕೊರೆಯುವವನು. ಪೆನ್ಸಿಲಿನ ಲೆಕ್ಕ ಅವನದು.
ಈ ವರ್ಷ ಇಪ್ಪತ್ತಮೂರು.
ಹದಿನಾಲ್ಕು ಬ್ಯಾಂಕಿನವರಿಗೆ.
ಆರು, ಟರ್ಕಿ ಕೋಳಿ ಕಾರ್ಖಾನೆಗೆ ಬಂದ ಗ್ವಾಟೆಮಾಲದವರಿಗೆ,
ಆರೂ ಒಂದೇ ಮನೆಯವು.
'ಒಬ್ಬೊಬ್ಬರದು ಒಂದೊಂದು ಪಾಳಿ, ಬಾಗಿಲು ತೆರೆಯಲು
ಮನೆಯಲ್ಲಿ ಎಚ್ಚರ ಇರುವವರು ಬೇಕಲ್ಲ.'
ಎರಡು ಪಾದ್ರಿಗೆ. ಇನ್ನೊಂದು ವಿಧವೆ ಮಾಡ್ಸೆನ್‌ಗೆ,
'ಅದನ್ನು ಹಿಡಿಯಬೇಡಿ, ಅವಳು ವರ್ಷಾ ಕಳೆಯುತ್ತಾಳೆ.'

ಕಾಫಿ ಅಂಗಡಿಯಲ್ಲಿ ನಾನು ಕೂತದ್ದೇ ತಡ
ಮಾತು ಒಂದು ಮೆಟ್ಟಿಲು ಇಳಿಯಿತು.
ನಮ್ಮ ಕಾರಿನ ನಂಬರು ಪ್ಲೇಟು, ಸವೆದ ಟೈರು,
ಒಳಗೆ ಬಾಯಿ ತೆರೆದು ಮಲಗಿದ ಗಂಡ,
ಎಲ್ಲಕ್ಕೂ ಆಗಲೇ ಬೆಲೆ ಕಟ್ಟಿಯಾಗಿತ್ತು.
ಹೆಣ್ಣು ನೋಡಲು ಹೋದವರ ಚಪ್ಪಲಿಯನ್ನು
ಹೆಣ್ಣಿನ ಕಡೆಯವರು ಮೊದಲೇ ನೋಡಿರುತ್ತಾರೆ.
ಬಡಿಸುವ ಹುಡುಗಿ ಕಾಫಿ ಸುರಿಯುತ್ತಾ, ಕೆಳದನಿಯಲ್ಲಿ:
'ಬೆಳಗ್ಗೆ ನಮ್ಮ ಅಪ್ಪನ ಬಸ್ಸಿನ ಹಿಂದೆ ಬಂದದ್ದು ನೀವೇ ಅಲ್ವಾ?
ಅವನಿಗೆ ಕಣ್ಣು ಮಂಜಾಗಿದೆ. ಜೂನಿಗೆ ಬಿಡುತ್ತಾನೆ.
ಬೇರೆ ಯಾರೂ ಸಿಕ್ಕಿಲ್ಲ.'
ದುಡ್ಡು ಕೊಡಹೋದೆ. ತಗೊಳ್ಳಲಿಲ್ಲ.

ಕಾರಿನ ಬಾಗಿಲು ಹಾಕಿದ ಸದ್ದಿಗೆ ಲೋವೆಲ್ ಎದ್ದ,
ಪೆನ್ನು ಹುಡುಕಿದ. 'ಹೇಗಿದೆ?'
'ನೀರು ಗಡಸು. ಆಸ್ಪತ್ರೆ ದೂರ.
ನೆಲಮಾಳಿಗೆಗೆ ನೀರು ನುಗ್ಗುತ್ತದೆ.'
ಅವನು ಎಲ್ಲವನ್ನೂ ಬರೆದುಕೊಂಡ,
ನಲವತ್ತೊಂದರ ಪಕ್ಕಕ್ಕೆ ಮೂವತ್ತಾರು ಅಂತ ಹಾಕಿ
ಪ್ರಶ್ನೆಯ ಗುರುತು ಇಟ್ಟ.
ಬಸ್ಸಿನ ವಿಷಯ ನಾನು ಹೇಳಲಿಲ್ಲ.
ಎಂಜಿನ್ ಶುರುಮಾಡಿ ಕನ್ನಡಿ ಸರಿಪಡಿಸಿಕೊಂಡೆ.
ಬಲಗೈ ತಾನಾಗಿ ಪಕ್ಕಕ್ಕೆ ಚಾಚಿತು,
ಇಲ್ಲದ ಬಾಗಿಲ ಹಿಡಿಯನ್ನು ಎಳೆಯಲು,
ಹೋಗಿ ಲೋವೆಲನ ಮೊಣಕಾಲಿಗೆ ತಗುಲಿತು.
'ಏನು?' ಅಂದ.