ಅಂಚಿನ ಪದ

ಲಷ್ಕರ್ ಮೊಹಲ್ಲಾದಲ್ಲಿ, ಚರ್ಚಿನ ಜೋಡಿ ಗೋಪುರದ ನೆರಳು
ನಾಲ್ಕೂವರೆಗೆ ಬಂದು ಕೂರುವ ಜಗಲಿಯ ಮೇಲೆ
ಅರುಳಪ್ಪ ನನ್ನ ತಂಗಿಯ ಮೃದಂಗಕ್ಕೆ ಕರಣೆ ಇಡುತ್ತಿದ್ದಾನೆ.
ಕಿಟ್ಟದ ಪುಡಿ, ಮಿದಿದ ಅನ್ನ.
ಕಡಲೆಕಾಳಿನಷ್ಟು ತೆಗೆದು, ಹೆಬ್ಬೆರಳಲ್ಲಿ ಒತ್ತಿ,
ನುಣ್ಣನೆ ಕಲ್ಲಿನಲ್ಲಿ ಉಜ್ಜಿ,
ಒಣಗಿದ ಮೇಲೆ ಇನ್ನೊಂದು ಸುತ್ತು.
ಎಷ್ಟು ಸುತ್ತು?
"ಅದೇ ಹೇಳ್ತದೆ ಸಾ."

ಮೂವತ್ತೊಂದು ವರ್ಷ ನಾನೂ ಇದನ್ನೇ ಕಲಿಸಿದೆ
ಸೀಮೆಸುಣ್ಣ ಹಿಡಿದು:
ಬರೀ ಚರ್ಮ ಬಡಿದರೆ ಏಳುವ ಸಂಖ್ಯೆಗಳು
ಒಂದೇ ಪಂಕ್ತಿಯಲ್ಲಿ ಕೂರದ ನೆಂಟರು,
ಒಂದು, ಒಂದೂವರೆಗೆ ಚೂರು ಮೇಲೆ, ಎರಡಕ್ಕೆ ಚೂರು ಮೇಲೆ.
ನಡುವೆ ತಕ್ಕಷ್ಟು ಭಾರ ಬಿದ್ದರೆ
ಒಂದು, ಎರಡು, ಮೂರರ ಹತ್ತಿರ ಹತ್ತಿರ ಬಂದು ಸಾಲುಗಟ್ಟುತ್ತವೆ.
ಆ ಭಾರಕ್ಕೆ ಹಲಗೆಯ ಮೇಲೆ ಒಂದು ಗ್ರೀಕ್ ಅಕ್ಷರ ಬರೆಯುತ್ತಿದ್ದೆ.
ಅದಕ್ಕೆ ಅನ್ನದ ವಾಸನೆ ಇರುತ್ತದೆಂದು ಗೊತ್ತಿರಲಿಲ್ಲ.

ಈ ಕಡೆ ತಟ್ಟಿ ಆ ಅಂಚಿಗೆ ಕಿವಿ ಇಡುತ್ತಾನೆ.
ಆ ಕಡೆ ತಟ್ಟಿ ಈ ಅಂಚಿಗೆ.
"ಇಲ್ಲೊಡ್ದು ಅಲ್ ಕೇಳಿ, ಅಲ್ಲೊಡ್ದು ಇಲ್ ಕೇಳಿ,
ಒಂದೇ ಸಾ. ಯಾವತ್ತೂ ಸುಳ್ಳಾಡಿಲ್ಲ.
ಅಂಚು ಬಿಗಿ ಇರ್ಬೇಕು, ಅಷ್ಟೆಯ."

ಅಷ್ಟೆ.
ಒಂದು ಕ್ರಿಯೆಯನ್ನು ಈ ಬದಿಯಿಂದ ಆ ಬದಿಗೆ ದಾಟಿಸುವಾಗ
ಅಂಚಿನಲ್ಲಿ ಒಂದು ಪದ ಉಳಿದುಬಿಡುತ್ತದೆ.
ಅದು ಸೊನ್ನೆಯಾದರೆ ಎಡ ಬಲ ಸಮ.
ಹುಟ್ಟುವ ಸಂಖ್ಯೆಗಳೆಲ್ಲ ವಾಸ್ತವ, ಕಾಲ್ಪನಿಕ ಒಂದೂ ಇಲ್ಲ;
ಬೇರೆ ಬೇರೆ ನಾದಗಳು ಒಂದನ್ನೊಂದು ತುಳಿಯದೆ
ಲಂಬವಾಗಿ ನಿಲ್ಲುತ್ತವೆ.
ಸೊನ್ನೆಯಾಗದಿದ್ದರೆ

ತೊಂಬತ್ತಾರರ ಏಪ್ರಿಲ್, ಆಂತರಿಕ ಪರೀಕ್ಷೆ.
ಮಳವಳ್ಳಿ ಕಡೆಯ ಹುಡುಗಿ, ನಿಂಗರಾಜಮ್ಮ,
ಆ ಪದವನ್ನು ಅಳಿಸದೆ ಬಿಟ್ಟು ಪಕ್ಕದಲ್ಲಿ ಪೆನ್ಸಿಲಿನಿಂದ:
'ಇದು ಸೊನ್ನೆ ಅಂತ ಯಾರು ಹೇಳಿದ್ದು ಸರ್? ಲೆಕ್ಕದಲ್ಲಿ ಕೊಟ್ಟಿಲ್ಲ.'

ಉತ್ತರಪತ್ರಿಕೆಯಲ್ಲಿ ಪ್ರಶ್ನೆ!
ಕೆಂಪು ಗೀಟು. ಎರಡು ಅಂಕ ವಜಾ.

ಲೆಕ್ಕ ಕೊಟ್ಟವನು ನಾನೇ.
ಅಂಚಿನ ಷರತ್ತು ಬರೆಯಲು ಮರೆತವನೂ.
ರಾತ್ರಿ ಕೈತೊಳೆಯುವಾಗ ಹೊಳೆಯಿತು;
ಬೆಳಿಗ್ಗೆ ಪತ್ರಿಕೆ ಹಂಚಿದೆ, ಹಾಗೇ.
ಅವಳು ತೆಗೆದುಕೊಂಡಳು, ನೋಡಿದಳು, ನಾಲ್ಕಾಗಿ ಮಡಿಸಿದಳು.
ಆ ಎರಡು ಅಂಕ ಮುಂದೆ ಏನಾಯಿತೋ
ತಿಳಿಯಲಿಲ್ಲ. ತಿಳಿಯಲು ಹೋಗಲೂ ಇಲ್ಲ.

ಅರುಳಪ್ಪ ಕಲ್ಲು ಕೆಳಗಿಟ್ಟ.
"ಬನ್ನಿ ಸಾ, ನಾ ಹೊಡೀತೀನಿ, ನೀವ್ ಕೇಳಿ."
"ನಾನು ಹೊಡೆಯಲೇ?"
"ಬ್ಯಾಡ. ಕೇಳಿ."

ಮಂಡಿಯೂರಿದೆ. ಬಗ್ಗಿದೆ. ಇನ್ನೂ ಸ್ವಲ್ಪ ಬಗ್ಗಿದೆ.
ಬೆರಳು ಬೀಳುವ ಮೊದಲೇ
ಅವನು ಕೂಗಿಕೊಂಡ: "ಹಸಿ ಐತೆ ಸಾ, ಹಸಿ ಐತೆ!"

ಕಿವಿಯಂಚಿಗೆ ತಣ್ಣಗೆ, ಕಪ್ಪಗೆ
ಒಂದು ಚೂರು ಅಂಟಿ ಬಂದಿತ್ತು.
ಅವನು ಬಯ್ಯುತ್ತ ಮತ್ತೆ ಅನ್ನ ಮಿದಿಯತೊಡಗಿದ.