ಗಾರೆಗೆ ಹೊಡೆಯಬೇಡ

ಹೊಯ್ಗೆ ಬಜಾರಿನ ಆ ಓಣಿಗೆ ಸ್ಕೂಟರು ಹೋಗುವುದಿಲ್ಲ.
ಡಿಶ್ಶನ್ನು ತಲೆಗೆ ಕವುಚಿಕೊಂಡು ನಡೆದೆ,
ದೊಡ್ಡದೊಂದು ಮುಟ್ಟಾಳೆ ಇಟ್ಟವನ ಹಾಗೆ.
ಹಿಂದೆ ಮೂರು ಮಕ್ಕಳು, ಒಂದು ನಾಯಿ.

ಊರಿಗೆಲ್ಲ ಮುರಕಲ್ಲಿನ ಗೋಡೆ.
ಅದರ ಗುಣ ನನ್ನ ಡ್ರಿಲ್ಲಿಗೆ ಗೊತ್ತು:
ಬೆಲ್ಲದ ಹಾಗೆ ಒಳಗೆ ಬಿಟ್ಟುಕೊಳ್ಳುತ್ತದೆ,
ಬೆಲ್ಲದ ಹಾಗೆಯೇ ಉದುರುತ್ತದೆ.
ಈ ಮನೆಯದು ಮಾತ್ರ ಇಟ್ಟಿಗೆ,
ಸಾರಣೆ ಕಾಣದ ಬರಿಮೈ ಇಟ್ಟಿಗೆ,
ಪಡುಬದಿಯಲ್ಲಿ ಪಾಚಿ ಒಣಗಿ ಕಪ್ಪು.

ನತಾಲ್ ಬಾಯಮ್ಮ ಮೆಟ್ಟಿಲಲ್ಲಿ ಕೂತು
ಬಂಗುಡೆಯ ಕಿವಿರು ಕೀಳುತ್ತಿದ್ದರು.
"ಹೋದ ಸಲದವ ಗಾರೆಗೆ ಹೊಡೆದ," ಎಂದರು
ತಲೆಯೆತ್ತದೆ.
"ಜೂನ್ ಒಂಬತ್ತಕ್ಕೆ ಹಾರಿತು. ಅಲ್ಲಿ ನೋಡು."

ಬೇಲಿಯಾಚೆ ಅವ್ವಮ್ಮನ ಅಂಗಳದಲ್ಲಿ
ಹಳೆಯ ಡಿಶ್ಶು ಅಂಗಾತ ಮಲಗಿತ್ತು,
ಹೊಟ್ಟೆ ತುಂಬ ಒಣಸಿಗಡಿ.
"ಆಕಾಶದಿಂದ ಬಿದ್ದದ್ದು, ಕೊಡುವುದಿಲ್ಲ ಅಂತಾಳೆ.
ಇರಲಿ. ಆಗಾಗ ಒಂದು ಮುಷ್ಟಿ ಸಿಗಡಿ ಬರ್ತದೆ."

ದಿಕ್ಸೂಚಿ ಹಿಡಿದೆ. ಆಗ್ನೇಯ.
ಎರಡು ತೆಂಗಿನ ನಡುವೆ ಒಂದು ಗೇಣು ಬಾನು,
ಸಾಕು, ಅಷ್ಟು ಸಾಕು.
ಗೋಡೆಗೆ ಬ್ರಾಕೆಟ್ಟು ಒತ್ತಿ
ಪೆನ್ಸಿಲಿನಲ್ಲಿ ನಾಲ್ಕು ಚುಕ್ಕೆ ಇಟ್ಟೆ:
ಒಂದು ಇಟ್ಟಿಗೆಯ ಅಂಚಿಗೆ, ಎರಡು ಗಾರೆಯ ಗೆರೆಗೆ.
ನನಗೂ ಅವಸರ;
ಬೋಳಾರದಲ್ಲಿ ಇನ್ನೂ ಎರಡು, ಜೆಪ್ಪುವಿನಲ್ಲಿ ಒಂದು.

ಬಾಯಮ್ಮ ಎದ್ದರು. ಕೈ ತೊಳೆದು, ಸೆರಗಿಗೆ ಒರೆಸಿ,
ನನ್ನ ಚುಕ್ಕೆಗಳನ್ನು ಹೆಬ್ಬೆರಳಿನಿಂದ ಉಜ್ಜಿದರು.
ಆಮೇಲೆ ಗೆಣ್ಣಿನಿಂದ ಗೋಡೆ ಬಡಿಯುತ್ತ ಹೋದರು
ಒಂದೊಂದಕ್ಕೂ ಕಿವಿಯಿಟ್ಟು,
ಒಳಗೆ ಯಾರಾದರೂ ಎದ್ದಿದ್ದಾರೋ ಎಂಬಂತೆ.

ದಬ್. "ಇದು ಅರೆಬೆಂದದ್ದು."
ದಬ್. "ಭಟ್ಟಿಯ ಬಾಗಿಲಲ್ಲಿತ್ತು ಇದು, ಶಾಖ ಮುಟ್ಟಲಿಲ್ಲ."
ದಬ್. ಏನೂ ಹೇಳಲಿಲ್ಲ.
ಠಣ್.
"ಇದು."
ಎರಡು ವರಸೆ ಕೆಳಗೆ ಮತ್ತೊಮ್ಮೆ ಠಣ್.

ಹನ್ನೊಂದು ವರ್ಷ ಹಂಚಿನ ಕಾರ್ಖಾನೆಯಂತೆ,
ಭಟ್ಟಿಯಿಂದ ದೋಣಿಗೆ ತಲೆಹೊರೆ.
ಬೀಗ ಬಿದ್ದ ತಿಂಗಳು ಹಣವಿರಲಿಲ್ಲ ಮಾಲೀಕರಲ್ಲಿ.
ಬಾಕಿ ಸಂಬಳಕ್ಕೆ ಇಟ್ಟಿಗೆ ಕೊಟ್ಟರು
ಬೆಂದದ್ದು, ಬೇಯದ್ದು, ಸೊಟ್ಟ, ಬಿರುಕು,
ಎಲ್ಲ ಒಂದೇ ರಾಶಿ.
"ಸಂಬಳಕ್ಕೆ ತೂತು ಹಾಕುವಾಗ
ನೋಡಿ ಹಾಕು ಮಾರಾಯ."

ಡ್ರಿಲ್ಲಿನ ಹ್ಯಾಮರು ಬಂದ್ ಮಾಡಿದೆ.
ಹಳೆಯ ಇಟ್ಟಿಗೆಗೆ ಗುದ್ದು ಆಗದು, ಬರೀ ತಿರುಗು ಸಾಕು.
ಹತ್ತು ಎಂಎಂ ಬಿಟ್ಟು. ಮೊದಲು ಮೆಲ್ಲಗೆ,
ಆಮೇಲೂ ಮೆಲ್ಲಗೆ.
ಕೆಂಪು ಹುಡಿ ಇಳಿಯಿತು
ನನ್ನ ರೆಪ್ಪೆಗೆ, ಏಣಿ ಹಿಡಿದ ಅವರ ನರೆಗೆ.
ಅವರು ತಲೆ ಕೊಡವಲಿಲ್ಲ.
ತೂತಿನ ಧೂಳು ತೆಗೆಯಲು
ಒಲೆಯ ಊದುಗೊಳವೆ ತಂದು ಕೊಟ್ಟರು.
ಊದಿದೆ. ಕೆಮ್ಮಿದೆ. ಮತ್ತೆ ಊದಿದೆ.

ಎರಡು ಇಟ್ಟಿಗೆ, ನಾಲ್ಕು ತೂತು, ನಾಲ್ಕು ಪ್ಲಗ್ಗು.
ಬೋಲ್ಟಿಗೆ ವಾಷರು, ಉಪ್ಪುಗಾಳಿಗೆ ಗ್ರೀಸು.
ಪಾನ ಕೊನೆಯ ಸುತ್ತಿಗೆ ಕಿರ್ರೆಂದು ನಿಂತಿತು.
"ಆಯ್ತು ಬಾಯಮ್ಮ."
"ಎಂತ ಆದದ್ದು? ನೇತಾಡು."
"ಆಂ?"
"ನೇತಾಡು. ನಿನ್ನನ್ನು ತಡೆದರೆ ಗಾಳಿಯನ್ನೂ ತಡೆದೀತು."

ಏಣಿಯಿಂದ ಕಾಲು ಬಿಟ್ಟೆ.
ಅರವತ್ತೆರಡು ಕಿಲೋ, ಟೂಲ್ ಬ್ಯಾಗು ಬೇರೆ.
ಮಕ್ಕಳು ಚಪ್ಪಾಳೆ ತಟ್ಟಿದರು, ನಾಯಿ ಬೊಗಳಿತು,
ಬೇಲಿಯ ಮೇಲೆ ಅವ್ವಮ್ಮನ ತಲೆ ಮೂಡಿತು.
ಮೂಗಿನ ತುದಿಗೆ ಇಟ್ಟಿಗೆ;
ಎಂದೋ ಆರಿದ ಬೆಂಕಿಯ ವಾಸನೆ
ಇನ್ನೂ ಇತ್ತು ಅದಕ್ಕೆ, ಅಥವಾ
ಡ್ರಿಲ್ಲು ಕಾದದ್ದೋ, ಗೊತ್ತಿಲ್ಲ.
ಗೋಡೆ ತುಟಿಪಿಟಕ್ಕೆನ್ನಲಿಲ್ಲ.

ಈ ವರ್ಷ ಗಾಳಿ ಎದ್ದ ಮರುದಿನ
ಬೆಳಿಗ್ಗೆಯಿಂದ ಫೋನು.
ಬೋಳಾರದ್ದು ಸಮುದ್ರಕ್ಕೆ ಮುಖ ತಿರುಗಿಸಿದೆ,
ಜೆಪ್ಪುವಿನದು ಕೇಬಲಿಗೆ ಜೋತಿದೆ.
ಹನ್ನೆರಡನೆಯ ಕರೆ ಅವರದು.

"ತಾರಾನಾಥನಾ? ಟೀವಿಯಲ್ಲಿ ಎಂತದೂ ಇಲ್ಲ, ಬರೀ ನೀಲಿ.
ಈ ಮಳೆಗೆ ಚಿತ್ರ ಬರ್ಲಿಕ್ಕಿಲ್ಲ, ಗೊತ್ತುಂಟು ನನಗೆ.
ನೀನು ಬರಬೇಡ.
ಡಿಶ್ಶು ಅಲ್ಲೇ ಉಂಟು. ಅದು ಹೇಳ್ಲಿಕ್ಕೆ ಮಾಡಿದ್ದು."

ಇಟ್ಟರು ಅಂದುಕೊಂಡೆ. ಇಟ್ಟಿರಲಿಲ್ಲ.

"ಮತ್ತೆ, ಅವ್ವಮ್ಮನದು ರಾತ್ರಿ ಹಾರಿ
ನನ್ನ ಅಂಗಳಕ್ಕೆ ಬಿದ್ದಿದೆ.
ಆಕಾಶದಿಂದ ಬಂದದ್ದು.
ಕೊಡುವುದಿಲ್ಲ."