ಮೂರನೇ ತಿರುವು

ಗೇರ್ಮಾಳದ ದಾರಿ, ಮೂರನೇ ತಿರುವು.
ಕೋಸು ಹೊತ್ತ ಜೀಪಿನಲ್ಲಿ
ಗೇರಿನ ರಾಡು ಅತ್ತ ಹೋಗದು, ಇತ್ತ ಬರದು.
ಹೂತ ಗೂಟ.

ತಾಳವಾಡಿಯಿಂದ ರಾಚಣ್ಣ ಬಂದ,
ಮೊಪೆಡ್ಡಿನ ಹಿಂದೆ ಸ್ಪ್ಯಾನರಿನ ಗೋಣಿಚೀಲ.
ಬಾನೆಟ್ ಮುಟ್ಟಲೇ ಇಲ್ಲ.
ಫೋರ್‌ವೀಲಿನ ಸಣ್ಣ ಲಿವರನ್ನು ನಡುವಿಗೆ ತಂದು
"ತಳ್ರಪ್ಪ" ಅಂದ.
ಜೀಪು ನಾಲ್ಕು ಮಾರು ಉರುಳಿತು.
"ಚಕ್ರದ ತಪ್ಪಲ್ಲ."
ಇಂಜಿನ್ ಹಚ್ಚಿಸಿದ. ಕ್ಲಚ್ ತುಳಿದಷ್ಟು ಹೊತ್ತು ಗುರ್ರ್ ಎಂದಿತು,
ಕಾಲು ತೆಗೆದೆ, ಸತ್ತಿತು.
"ಕ್ಲಚ್ಚೂ ನೆಟ್ಟಗದ. ಒಳಗ
ಎರಡು ಗೇರು ಒಟ್ಟಿಗೇ ಕಚ್ಕಂಡವ."

ಆಮೇಲೆ ಬೀಡಿ ಹಚ್ಚುತ್ತ, ಮೆಲ್ಲಗೆ:
"ಗಾಡಿ ನಿಲ್ಲಸ್ದೇನೇ ರಿವರ್ಸಿಗ ಎಳದ್ಯಾ?"
ಇಲ್ಲ, ಅಂದೆ.
ಬಹಳ ಬೇಗ ಅಂದೆ.

ರಾಡಿನ ಬುಡದ ಬಿಲ್ಲೆ ಒತ್ತಿ ತಿರುವಿ
ಮರಗೆಣಸು ಕೀಳುವ ಹಾಗೆ ಇಡೀ ರಾಡನ್ನು ಕಿತ್ತ.
ತೂತಿಗೆ ಟಾರ್ಚ್ ಬಿಟ್ಟು ನೋಡಿದೆವು:
ಜೋಡಿಯಾಗಿ ನಿಲ್ಲಬೇಕಾದ ಎರಡು ಕಚ್ಚು,
ಒಂದು ಮುಂದೆ, ಒಂದು ಹಿಂದೆ,
ಒಂದೇ ಬಾಗಿಲಿಗೆ ಇಬ್ಬರು ನುಗ್ಗಿ ಸಿಕ್ಕಿಕೊಂಡಂತೆ.
ಕರಿ ಎಣ್ಣೆ. ಸುಟ್ಟ ವಾಸನೆ.

ರಾಡಿನ ತುದಿಯನ್ನು ಪಂಚೆಯಲ್ಲೇ ಒರೆಸಿ
ನನ್ನ ಕಣ್ಣಿಗೆ ಹಿಡಿದ.
ನಲವತ್ತು ವರ್ಷದ ಕಬ್ಬಿಣದಲ್ಲಿ
ಇವತ್ತಿನ ಗಾಯ, ಬೆಳ್ಳಗೆ.

ಬೈಯಲಿಲ್ಲ.
ಉದ್ದ ಸ್ಕ್ರೂಡ್ರೈವರನ್ನು ಕತ್ತಲೊಳಗೆ ಇಳಿಸುತ್ತ,
ನನ್ನತ್ತ ನೋಡದೆ ಕೇಳಿದ:
"ಎಷ್ಟಿದ್ವು ಆನ?"

ಕೆಳಗೆ ಬಿದಿರು ಮೆಳೆ ಸುಮ್ಮನಿತ್ತು.

"ಕಾಣ್ನಿಲ್ಲಣ್ಣ," ಅಂದೆ.
"ಒಂದು ಗಳ ಮುರಿದ ಸದ್ದು, ಅಷ್ಟೇಯ."

ಟಕ್.
"ಹೂಂ," ಅಂದ ರಾಚಣ್ಣ,
"ಈಗ ಹಾಕು ನೋಡ್ವ, ಒಂದನೇದು."